ಶುಕ್ರವಾರದ ಒಂದು ರೂಪಾಯಿ

ಬುದ್ಧಿವಂತನಾಗಿ ಬದುಕುವುದು ಅಂಥ ಕಷ್ಟವೇನಲ್ಲ. ಬುದ್ಧಿವಂತನೆಂದು ನಾಲ್ಕು ಜನರ ಎದುರು ಹೇಳಿಕೊಂಡ ಮೇಲೆ ಬದುಕುವುದು ಮಾತ್ರ ಬಹಳ ಕಷ್ಟ. ನಾನು ಗುಬ್ಬಿಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಮನೆ ತುಮಕೂರಿನ ಬಟವಾಡಿಯಲ್ಲಿ. ಕಳೆದ ವರ್ಷ, ಆನ್‌ಲೈನ್ ಮೋಸದ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಹೇಳಬೇಕೆಂದು ಶಾಲೆಗೆ ಸುತ್ತೋಲೆ ಬಂತು. ಫೋನಿನಲ್ಲೇ ಕರೆಂಟ್ ಬಿಲ್ ಕಟ್ಟುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ಹೆಡ್‌ಮಾಸ್ಟರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಮುಕ್ಕಾಲು ಗಂಟೆ ಮಾತಾಡಿದೆ. "ಮೆಸೇಜು ನಂಬಬೇಡಿ, ಬ್ಯಾಲೆನ್ಸ್ ನೋಡಿ. ಯಾರಾದರೂ ಅವಸರ ಮಾಡಿದರೆ ನೀವು ನಿಧಾನ ಮಾಡಿ" ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆಯನ್ನೂ ಎಳೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನ್ನನ್ನು ಹಾಳು ಮಾಡಿದ್ದು ಎಂದು ಈಗ ಅನ್ನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ನಡುಮನೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವನವರು ಮದುವೆಯಲ್ಲಿ ಮಗಳ ಜೊತೆ ಕಳಿಸಿಕೊಟ್ಟದ್ದು. ಮಗಳು ಎಂದರೆ ನನ್ನ ಹೆಂಡತಿ ರತ್ನ. ಇಪ್ಪತ್ತೆರಡು ವರ್ಷಗಳಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಪ್ರತಿ ಸಲವೂ ಅದನ್ನು ಇಳಿಸಲು ನಾಲ್ಕು ಆಳು ಬೇಕು, ಅವರಲ್ಲಿ ಒಬ್ಬರ ಹೆಬ್ಬೆರಳು ಜಜ್ಜಬೇಕು. ಅದರ ಬಾಗಿಲು ಸುಮ್ಮನೆ ತೆರೆಯುವುದಿಲ್ಲ. ಹಿಡಿ ತಿರುಗಿಸುತ್ತಾ ಎಡಗಡೆ ಕೆಳಮೂಲೆಗೆ ಲೆಕ್ಕವಾಗಿ ಒಂದು ಒದೆ ಕೊಡಬೇಕು. ಆಗ 'ಢಣ್' ಎಂದು ಇಡೀ ಬೀದಿಗೆ ಕೇಳುವಂತೆ ಸದ್ದು ಮಾಡಿ ತೆರೆದುಕೊಳ್ಳುತ್ತದೆ. "ಕಳ್ಳ ಬಂದ್ರೂ ಎಲ್ಲರೂ ಏಳ್ತಾರೆ ಬಿಡಿ" ಎಂದು ರತ್ನ ಹೆಮ್ಮೆಪಡುತ್ತಾಳೆ.

ಈ ವರ್ಷ ಮಗಳು ಕಾಲೇಜು ಸೇರಿದಳು. ಅವಳ ಓದುವ ಮೇಜಿಗೆ ಜಾಗ ಬೇಕಾಯಿತು. ಬೀರು ಮಾರೋಣ ಎಂದೆ. "ನಮ್ಮಪ್ಪ ಕೊಟ್ಟಿದ್ದು ಕಣ್ರೀ" ಎಂದಷ್ಟೇ ಹೇಳಿ ರತ್ನ ಸುಮ್ಮನಾದಳು. ಗಂಡಸರಿಗೆ ಸಹಜವಾದ ದಡ್ಡತನದಿಂದ ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ. ನಾಲ್ಕು ಕಡೆಯಿಂದ ಫೋಟೋ ತೆಗೆದು, ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ನಾಲ್ಕೂವರೆ ಸಾವಿರ ಎಂದು ಹಾಕಿದೆ. ಒದೆಯುವ ಸಂಗತಿ ಬರೆಯಲಿಲ್ಲ.

ಮೊದಲು ಬಂದವರು ಕ್ಯಾತ್ಸಂದ್ರದ ಒಬ್ಬ ಯಜಮಾನರು. ಬೀರುವಿನ ಬೆನ್ನು ತಟ್ಟಿದರು, ಕಾಲು ಅಲುಗಾಡಿಸಿದರು, ಒಳಗೆ ತಲೆ ಹಾಕಿ ಮೂಸಿ ನೋಡಿದರು. "ಹದಿನೆಂಟುನೂರು ಕೊಡ್ತೀನಿ, ನೀವೇ ಆಟೋಗೆ ಏರಿಸ್ಕೊಡಿ" ಎಂದರು. ಎರಡು ಲೋಟ ಕಾಫಿ ಕುಡಿದು, ಸಾವಿರದ ಒಂಬೈನೂರಕ್ಕೆ ಬಂದು, "ಯೋಚ್ನೆ ಮಾಡಿ ಫೋನ್ ಮಾಡಿ" ಎಂದು ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಇಂಥ ಜಿಪುಣರ ನಡುವೆ ಮರ್ಯಾದಸ್ಥ ಗಿರಾಕಿ ಒಬ್ಬನೂ ಇಲ್ಲವೇ ಎಂದುಕೊಂಡೆ. ಶುಕ್ರವಾರ ಸಂಜೆ ಅಂಥವನೇ ಫೋನ್ ಮಾಡಿದ.

"ಸಾರ್, ಬೀರು ನೋಡ್ದೆ. ತುಂಬಾ ಚೆನ್ನಾಗಿದೆ. ನಾಲ್ಕೂವರೆ ಅಲ್ವಾ? ಓಕೆ ಸಾರ್" ಎಂದ. ತುಮಕೂರಿಗೆ ವರ್ಗವಾಗಿ ಬರುತ್ತಿದ್ದಾನಂತೆ, ಬಂದು ನೋಡಲು ಪುರುಸೊತ್ತಿಲ್ಲವಂತೆ, ಸಾಮಾನು ಒಯ್ಯಲು ಟೆಂಪೊ ಕಳಿಸುತ್ತಾನಂತೆ. ಐದು ನಿಮಿಷಕ್ಕೆ ಫೋನು ಟಿಣ್ ಎಂದಿತು. ನಿಮ್ಮ ಖಾತೆಗೆ ನಲವತ್ತೈದು ಸಾವಿರ ರೂಪಾಯಿ ಜಮಾ ಆಗಿದೆ ಎಂದು ಮೆಸೇಜು. ಹಿಂದೆಯೇ ಅವನ ಫೋನು: "ಸಾರ್, ಅರ್ಜೆಂಟಲ್ಲಿ ಒಂದು ಸೊನ್ನೆ ಜಾಸ್ತಿ ಒತ್ಬಿಟ್ಟೆ. ನಮ್ ತಂದೆ ಆಸ್ಪತ್ರೇಲಿದಾರೆ. ಮಿಕ್ಕಿದ್ದು ಈಗ್ಲೇ ವಾಪಸ್ ಹಾಕ್ಬಿಡಿ ಸಾರ್, ದಮ್ಮಯ್ಯ."

ಇಪ್ಪತ್ತು ವರ್ಷದಿಂದ ಮಕ್ಕಳ ಸೊನ್ನೆಗಳನ್ನು ತಿದ್ದುತ್ತಿರುವ ಮೇಷ್ಟ್ರು ನಾನು. ಸೊನ್ನೆಯ ತಪ್ಪು ಮಾಡಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಕಳೆಯುವ ಲೆಕ್ಕ ಬಾಯಲ್ಲೇ ಮಾಡಿದೆ: ನಲವತ್ತು ಸಾವಿರದ ಐನೂರು. ನನ್ನ ಖಾತೆಯಲ್ಲಿದ್ದದ್ದು ನಲವತ್ತೆರಡು ಸಾವಿರ ಚಿಲ್ಲರೆ. ಮಗಳ ಕಾಲೇಜು ಫೀಸಿಗೆಂದು ಚೀಟಿ ಎತ್ತಿ ಇಟ್ಟಿದ್ದ ಹಣ; ಸೋಮವಾರವೇ ಕಟ್ಟಲು ಕೊನೆಯ ದಿನ. ಆದರೇನು, ಅವನ ನಲವತ್ತೈದು ಬಂದಿದೆಯಲ್ಲ! ಬೋರ್ಡಿನ ಮೇಲೆ ನಾನೇ ಎಳೆದ ಅಡಿಗೆರೆ ಆ ಹೊತ್ತಿನಲ್ಲಿ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. ನನ್ನ ಪ್ರಾಮಾಣಿಕತೆಗೆ ನಾನೇ ಮರುಳಾಗಿ, ಮನೆಯವರೆಲ್ಲರಿಗೂ ಕೇಳುವಂತೆ, "ಪಾಪ, ಯಾರೋ ತಪ್ಪಿ ಹಣ ಹಾಕಿದ್ದಾರೆ, ಈಗಲೇ ವಾಪಸ್ ಮಾಡ್ತೀನಿ" ಎಂದು ಸಾರಿದೆ.

ದೇವರ ಮುಂದೆ ಕೂತಿದ್ದ ಅವ್ವ ತಿರುಗಿ ನೋಡಿದಳು. ಅವ್ವ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವಳು. ಶುಕ್ರವಾರ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರು ಒಂದು ಹಿಡಿ ಉಪ್ಪು ಕೇಳಿದರೂ ಕೊಡುವವಳಲ್ಲ.

"ದೀಪ ಹಚ್ಚಾಗೈತೆ. ಈಗ ಮನೆಯಿಂದ ಲಕ್ಷ್ಮಿ ಆಚೆ ಹೋಗಂಗಿಲ್ಲ ಕಣ್ಲಾ. ಬೆಳಿಗ್ಗೆ ಕೊಡೀವಂತೆ ಬುಡು."

"ಅವ್ವ, ದುಡ್ಡು ಮನೇಲಿಲ್ಲ, ಬ್ಯಾಂಕಲ್ಲಿದೆ."

"ಬ್ಯಾಂಕಲ್ಲಿದ್ರೆ ನಿನ್ ಕೈಲಿರೋ ಫೋನಿಂದ ಹೆಂಗ್ಲಾ ಹೋಯ್ತದೆ?"

"ಅದು ನಮ್ಮ ದುಡ್ಡಲ್ಲವ್ವ, ಇನ್ನೊಬ್ಬರದು!"

"ಇನ್ನೊಬ್ಬರ ಲಕ್ಷ್ಮಿ ಆದ್ರೂ ಲಕ್ಷ್ಮಿನೇ ಅಲ್ವೇನ್ಲಾ? ಒಂದ್ ರಾತ್ರಿ ಇದ್ದು ಹೋಗ್ಲಿ, ನಮಗೇನ್ ಭಾರ?"

ಅಡುಗೆಮನೆಯಿಂದ ರತ್ನ, "ಅಲ್ರೀ, ಒಂದ್ ರೂಪಾಯಿನೂ ಚೌಕಾಸಿ ಮಾಡ್ಲಿಲ್ವಾ ಅವ್ನು? ಬಂದು ಮುಟ್ಟೂ ನೋಡ್ಲಿಲ್ವಾ? ನಮ್ಮಪ್ಪ ಆಗಿದ್ರೆ ಅಂಥೋರಿಗೆ ಒಂದ್ ಕಾಯಿನೂ ಎಣಿಸ್ತಿರ್ಲಿಲ್ಲ" ಎಂದಳು. ಓದಿದ ನಾನೊಬ್ಬ, ಎದುರಿಗೆ ಮೂಢನಂಬಿಕೆ ಒಂದು ಕಡೆ, ತೆಂಗಿನಕಾಯಿ ಮಂಡಿ ಒಂದು ಕಡೆ. ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಲೇ ಇತ್ತು. ಟ್ಯಾಂಕು ತುಂಬಿತಾ ನೋಡಿ ಬರುತ್ತೇನೆಂದು ಸುಳ್ಳು ಹೇಳಿ ತಾರಸಿಗೆ ಹೋದೆ.

ಅಲ್ಲಿಯೂ ನಾನು ಬುದ್ಧಿವಂತಿಕೆ ಬಿಡಲಿಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು. ಅವನ ಫೋನು ಎತ್ತಿ, ಲೈನಿನಲ್ಲೇ ಇರಲು ಹೇಳಿ, ಅವನು ಕೊಟ್ಟ ನಂಬರು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಮೊದಲು ಒಂದು ರೂಪಾಯಿ ಕಳಿಸಿದೆ. ಹೋಯಿತು. ಯಾವುದೋ ಹೆಂಗಸಿನ ಹೆಸರು ಬಂತು. "ನಮ್ ಮಿಸೆಸ್ ಅಕೌಂಟು ಸಾರ್" ಎಂದ. ಸರಿ ಎಂದುಕೊಂಡು, ಲೆಕ್ಕದಲ್ಲಿ ತಪ್ಪಾಗಬಾರದೆಂದು ಆ ಒಂದು ರೂಪಾಯಿ ಕಳೆದು, ನಲವತ್ತು ಸಾವಿರದ ನಾನೂರ ತೊಂಬತ್ತೊಂಬತ್ತು ಎಂದು ಒತ್ತುತ್ತಿದ್ದೆ. ಕೊನೆಯ ಒಂಬತ್ತು ಒತ್ತುವಾಗ ಹಿಂದಿನಿಂದ "ಏನ್ಲಾ" ಎಂದಿತು. ಮಂಡಿನೋವೆಂದು ಎರಡು ವರ್ಷದಿಂದ ಮೆಟ್ಟಿಲು ಹತ್ತದ ಅವ್ವ ತಾರಸಿಯ ಮೇಲೆ ನಿಂತಿದ್ದಳು!

ಫೋನು ಕಿತ್ತುಕೊಂಡು ಅವಳೇ ಮಾತಾಡಿದಳು. "ಯಾವೂರಪ್ಪ ನಿಂದು? ಊಟ ಆಯ್ತಾ? ನೋಡಪ್ಪ, ಇವತ್ತು ಶುಕ್ರವಾರ. ಬೆಳಿಗ್ಗೆ ಮನೆ ತಾವ್ಕೇ ಬಂದ್ಬುಡು. ನಿನ್ ದುಡ್ಡೂ ತಗಂಡೋಗು, ಬೀರೂ ತಗಂಡೋಗು, ಮುದ್ದೆ ಉಂಡ್ಕಂಡ್ ಹೋಗೀವಂತೆ." ಅವನು ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದು ಕಿರುಚಿದ್ದು ನನಗೂ ಕೇಳಿಸಿತು. "ಕೊಡಪ್ಪ. ಅವರ್ನೂ ಕರ್ಕಂಡೇ ಬಾ, ಸಾರು ಒಂದಿಷ್ಟು ಜಾಸ್ತಿ ಮಾಡ್ತೀವಿ" ಎಂದಳು ಅವ್ವ. ಫೋನು ಕಟ್ಟಾಯಿತು. ನಾನು ಸಿಟ್ಟಿನಿಂದ ಊಟ ಬಿಟ್ಟೆ. ಒಬ್ಬ ಮನುಷ್ಯನ ತಂದೆ ಆಸ್ಪತ್ರೆಯಲ್ಲಿರುವಾಗ ನಮ್ಮ ಮನೆಯವರ ಹಟ ನೋಡಿ ನಾಚಿಕೆಯಾಗುತ್ತಿತ್ತು. ಯಾರೂ ಊಟಕ್ಕೆ ಬಲವಂತ ಮಾಡಲಿಲ್ಲ ಎಂಬುದು ಬೇರೆ ಮಾತು.

ಬೆಳಿಗ್ಗೆ ಬಟವಾಡಿಯ ಎಟಿಎಮ್ಮಿಗೆ ಹೋದೆ. ಹಣ ಬಂದ ದಾಖಲೆ ತೆಗೆದುಕೊಂಡು ಅವನಲ್ಲಿ ಕ್ಷಮೆ ಕೇಳಿ ಕಳಿಸೋಣ ಎಂದು. ಈಚಿನ ಜಮಾ-ಖರ್ಚಿನ ಚೀಟಿ ಬಂತು. ನಲವತ್ತೈದು ಸಾವಿರ ಎಲ್ಲಿಯೂ ಇಲ್ಲ. ಒಮ್ಮೆ ಕನ್ನಡಕ ಹಾಕಿ, ಒಮ್ಮೆ ತೆಗೆದು ನೋಡಿದೆ. ಆ ಮೆಸೇಜು ಬಂದದ್ದು ಬ್ಯಾಂಕಿನಿಂದಲ್ಲ, ನನ್ನ ನಿಮ್ಮಂಥವರ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮಗಳ ಫೀಸು ಕೊನೆಯ ಒಂದು ಒಂಬತ್ತರಲ್ಲಿ ಉಳಿದಿತ್ತು. ನಿಜ ಹೇಳುತ್ತೇನೆ, ಅವ್ವನ ಮಂಡಿಯನ್ನು ನೆನೆಸಿಕೊಂಡು ನನಗೆ ಕಣ್ಣಲ್ಲಿ ನೀರು ಬಂತು. ಪೊಲೀಸರ ಹತ್ತಿರ ಹೋಗೋಣವೆಂದರೆ, ಎಷ್ಟು ಹೋಯಿತು ಎಂದು ಕೇಳಿದಾಗ ಮೇಷ್ಟ್ರಾದವನು ಒಂದು ರೂಪಾಯಿ ಎಂದು ಹೇಗೆ ಹೇಳುವುದು?

ಸೋಮವಾರ ಫೀಸು ಕಟ್ಟಿ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಕಥೆ ಹೇಳುವಾಗ, ಅವನು ಚೌಕಾಸಿ ಮಾಡದಿದ್ದಾಗಲೇ ನನಗೆ ಅನುಮಾನ ಬಂದಿತ್ತು ಎಂದೆ. ಮನೆಯಲ್ಲಿ ಅವ್ವ ಬೀದಿಯವರಿಗೆಲ್ಲ, "ನಮ್ ಮನೆಯಿಂದ ಶುಕ್ರವಾರ ಒಂದ್ ರೂಪಾಯಿನೂ ಆಚೆ ಹೋಗಿಲ್ಲ, ಅದಕ್ಕೇ ಆ ತಾಯಿ ಕಾಪಾಡಿದ್ಲು" ಎಂದು ಹೇಳುತ್ತಿದ್ದಳು. ಅವಳು ಹಾಗೆ ಹೇಳಿದಾಗಲೆಲ್ಲ ನಾನು ಫ್ಯಾನಿನ ಕಡೆ ನೋಡುತ್ತಿದ್ದೆ.

ಬುಧವಾರ ರತ್ನ ನನ್ನ ಅಂಗಿ ಒಗೆಯಲು ತೆಗೆದುಕೊಂಡಳು. ಜೇಬಿನಲ್ಲಿ ಎಟಿಎಮ್ ಚೀಟಿ. ಅದನ್ನು ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು, ಪಕ್ಕದ ಕೋಣೆಯಲ್ಲಿದ್ದ ಅವ್ವನ ಕಡೆ ನೋಡಿದಳು.

"ಇದೇನ್ರೀ ಒಂದ್ ರೂಪಾಯಿ? ಶುಕ್ರವಾರ ಹೋಗಿದೆಯಲ್ಲ?"

"ಮೆಲ್ಲಗೆ ಮಾತಾಡೇ" ಎಂದೆ.

"ಬೀರು ಅಲ್ಲೇ ಇರ್ಲಿ ಅಲ್ವಾ?" ಎಂದಳು ಮೆಲ್ಲಗೆ.

"ಇರ್ಲಿ ಬಿಡು. ಮಾವನವರು ಕೊಟ್ಟಿದ್ದು" ಎಂದೆ.

ಮಗಳ ಮೇಜು ಈಗ ಅಡುಗೆಮನೆಯ ಬಾಗಿಲಲ್ಲಿದೆ. ಚೀಟಿಯನ್ನು ರತ್ನ ಬೀರುವಿನ ಒಳಗೆ ಇಟ್ಟಿದ್ದಾಳೆ. ಕದಿಯೋಣವೆಂದರೆ ಒದೆಯಬೇಕು, ಒದ್ದರೆ ಅವ್ವ "ಯಾರ್ಲಾ ಅದು?" ಎನ್ನುತ್ತಾಳೆ. ಎಟಿಎಮ್ ಚೀಟಿಯ ಅಕ್ಷರಗಳು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಸಿಹೋಗುತ್ತವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಸ್ವಲ್ಪ ಧೈರ್ಯ ಬಂದಿತ್ತು. ಮೊನ್ನೆ ಸೊಪ್ಪು ತರಲು ಹೋಗಿದ್ದ ರತ್ನ, ಬರುವಾಗ ಎರಡು ರೂಪಾಯಿ ಕೊಟ್ಟು ಆ ಚೀಟಿಯ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಾಳೆ.