ಗಾಳಿಗೆ ಬಾಗಿದ ತಲೆ

"ತಲೆ ಕತ್ತರಿಸಿ ಹೆಸರು ಮಾಡಿದವನು ನಾನು! ಮರ ಕತ್ತರಿಸೋದು ಯಾವ ಮಹಾ ವಿದ್ಯೆ?"

"ತಲೆ ಅಲ್ಲ ರೀ, ತಲೆಗೂದಲು ಅನ್ನಿ. ಪಕ್ಕದ ಮನೆಯವರು ಕೇಳಿಸಿಕೊಂಡ್ರೆ ಪೊಲೀಸರನ್ನ ಕರೀತಾರೆ!"

ಹೀಗೆ ಘೋಷಿಸಿದವರು ಬೀದಿ ಮೂಲೆಯ ಸಲೂನಿನ ಮಾಲೀಕರು. ಗಿರಾಕಿಗಳು ಪ್ರೀತಿಯಿಂದ ಇಟ್ಟ ಹೆಸರು ಕತ್ತರಿರಾಯರು. ತಿದ್ದಿದವರು ಅವರ ಹೆಂಡತಿ. ಆಕೆಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಎದುರು ಕೂತವರಿಗೆ ಏನು ಕಾಣುತ್ತಿಲ್ಲ ಎಂದು ಪತ್ತೆಹಚ್ಚುವುದೇ ಕಸುಬು. ಮನೆಗೆ ಬಂದ ಮೇಲೂ ಆ ಅಭ್ಯಾಸ ಹೋಗುತ್ತಿರಲಿಲ್ಲ.

ಈ ಮರದ ಹುಚ್ಚು ಹಿಡಿದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ದವಡೆ ಹಿಡಿದುಕೊಂಡು ಕೂತಿದ್ದ ರಾಯರಿಗೆ ಕಿಟಕಿಯ ಬಳಿ ಒಂದು ಮರ ಕಣ್ಣಿಗೆ ಬಿತ್ತು. ಒರಟು ತೊಗಟೆ, ಸೊಟ್ಟ ಕಾಂಡ, ಹರಡಿಕೊಂಡ ಕೊಂಬೆ, ಎಲ್ಲ ಸೇರಿ ನೀರಿನ ಚೊಂಬಿನಷ್ಟು ಎತ್ತರ! ಕೆಳಗೆ ತಟ್ಟೆಯಂಥ ಕುಂಡ. ರಾಯರು ಬಗ್ಗಿ ನೋಡಿದರು, ಕೂತು ನೋಡಿದರು, ಹಿಂದಿನಿಂದ ಹೋಗಿ ನೋಡಿದರು. ಹಲ್ಲುನೋವು ಎಲ್ಲಿ ಹೋಯಿತೋ ಏನೋ. ಒಳಗೆ ಕರೆದರೆ, "ಇನ್ನೊಬ್ಬರನ್ನ ಕರೀರಿ, ನಾನು ಸ್ವಲ್ಪ ಕೆಲಸದಲ್ಲಿದೀನಿ" ಎಂದುಬಿಟ್ಟರು.

ಕೊನೆಗೆ ಡಾಕ್ಟರೇ ಹೊರಗೆ ಬಂದರು.

"ನನಗಿಂತ ಹಿರಿಯ ಅದು. ನಮ್ಮ ತಂದೆ ಬೆಳೆಸಿದ ಬೋನ್ಸಾಯಿ."

"ಬೆಳೀದೇ ಇರೋ ಹಾಗೆ ಏನು ಹಾಕ್ತೀರಿ ಡಾಕ್ಟ್ರೇ?"

"ಏನೂ ಹಾಕಲ್ಲ. ಅದರ ಪಾಡಿಗೆ ಬೆಳೀತಾನೇ ಇರುತ್ತೆ. ಬೆಳೆದ ಹಾಗೆಲ್ಲ ಕತ್ತರಿಸ್ತೀವಿ."

ರಾಯರ ಮೈ ಜುಂ ಎಂದಿತು. ಬೆಳೆದ ಹಾಗೆಲ್ಲ ಕತ್ತರಿಸುವುದು! ಅನ್ನ ಹಾಕುತ್ತಿರುವ ವಿದ್ಯೆಯೇ ಹಸಿರು ಬಟ್ಟೆ ತೊಟ್ಟು ಬಂದು ನಿಂತಿದೆಯಲ್ಲ!

ಅಂದೇ ನರ್ಸರಿಯಿಂದ ಎರಡು ಜೂನಿಪರ್ ಗಿಡ ಮನೆಗೆ ಬಂದವು. ಎರಡೂ ಎಣ್ಣೆ ಕಾಣದ ತಲೆಯ ಹಾಗೆ ಕೆದರಿಕೊಂಡಿದ್ದವು. ರಾಯರು ಮೊದಲನೆಯದನ್ನು ಊಟದ ಮೇಜಿನ ಮೇಲಿಟ್ಟು, ಕುಂಡದ ಕತ್ತಿಗೆ ಸಲೂನಿನ ಬಿಳಿ ಬಟ್ಟೆ ಕಟ್ಟಿ, ಕತ್ತರಿ ಹಿಡಿದರು. ಬಲಗಡೆ ತುಸು ಹೆಚ್ಚು ಹೋಯಿತು. ಸರಿದೂಗಿಸಲು ಎಡಗಡೆ ತೆಗೆದರು. ಈಗ ನೆತ್ತಿ ಭಾರವಾಯಿತು. ನೆತ್ತಿ ಇಳಿಸಿದರು. ಕೊನೆಗೆ ಉಳಿದದ್ದು ಒಂದು ಕಡ್ಡಿ, ಅದರ ತುದಿಯಲ್ಲಿ ನಾಲ್ಕು ಎಲೆ. ಕೆಲವು ದಿನಗಳಲ್ಲಿ ಅವೂ ಕಂದಿದವು.

ಹೆಂಡತಿ ಕನ್ನಡಕ ಏರಿಸಿ ನೋಡಿದಳು. "ಪಾಪ, ಗಿಡದ್ದೇನೂ ತಪ್ಪಿಲ್ಲ ಬಿಡಿ. ನೀವು ದಿನಾ ಎದುರು ನಿಂತು 'ಬೋನ್... ಸಾಯಿ, ಬೋನ್... ಸಾಯಿ' ಅಂದ್ರಿ. ಹೇಳಿದ ಮಾತು ಕೇಳ್ತು!"

ಎರಡನೆಯ ಗಿಡಕ್ಕೆ ಕೈ ಹಾಕುವ ಮುನ್ನ ರಾಯರು ಓದಿದರು, ವೀಡಿಯೊ ನೋಡಿದರು. ಮೊದಲು ಬುಡ ಹುಡುಕಬೇಕಂತೆ. ನರ್ಸರಿಯವರು ಕಾಂಡವನ್ನು ಆಳಕ್ಕೆ ಹೂತಿರುತ್ತಾರೆ, ನಿಜವಾದ ಬುಡ ಮಣ್ಣಿನೊಳಗೆ ಅಡಗಿರುತ್ತದಂತೆ. ಭಾನುವಾರ ಬೆಳಿಗ್ಗೆ ಇಬ್ಬರೂ ವರಾಂಡದಲ್ಲಿ ಕೂತು, ಹಳೆಯ ಶೇವಿಂಗ್ ಬ್ರಷ್ಷಿನಿಂದ ಮೆಲ್ಲಗೆ ಮಣ್ಣು ಸರಿಸತೊಡಗಿದರು. ನೋಡುವುದಷ್ಟೇ ನನ್ನ ಕೆಲಸ ಎಂದಿದ್ದ ಹೆಂಡತಿಯೇ ಸ್ವಲ್ಪ ಹೊತ್ತಿಗೆ ಬ್ರಷ್ ಕಿತ್ತುಕೊಂಡಳು.

"ಇಲ್ಲಿ, ಇಲ್ಲಿ! ಇನ್ನೂ ದಪ್ಪ ಆಗ್ತಾ ಹೋಗ್ತಿದೆ!"

ಬೆರಳು ಗಾತ್ರದ ಕಾಂಡ ಕೆಳಕ್ಕೆ ಹೋದಂತೆ ಹೆಬ್ಬೆರಳಾಯಿತು. ಅದರ ಬುಡದಿಂದ ಬೇರುಗಳು ಕೋಳಿಯ ಕಾಲಿನಂತೆ ನೆಲವನ್ನು ಅವುಚಿ ಹಿಡಿದಿದ್ದವು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಕೆದರು ಗಿಡದೊಳಗೆ ಒಂದು ಮುದಿಮರ ಯಾರಿಗೂ ಹೇಳದೆ ಕೂತಿತ್ತು!

ರಾಯರು ಕೊಂಬೆಗಳಿಗೆ ತಂತಿ ಸುತ್ತಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಬಾಗಿಸಿದರು. ಬೆಟ್ಟದ ತುದಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಮರದ ಶೈಲಿ. ಎಡಗಡೆ ಬೋಳು, ಬಲಗಡೆ ಹಾರಾಟ. ಹೆಂಡತಿ ಕೂಡ ಕೊಂಕು ಹುಡುಕದೆ, "ಚೆನ್ನಾಗಿದೆ ರೀ" ಎಂದಳು. ಅನಾಹುತವಾದದ್ದು ಅಲ್ಲೇ! ಮದುವೆಯಾದಾಗಿನಿಂದ ಕೇಳದ ಮಾತು ತಲೆಗೇರಿತು.

ಅದೇ ಅಮಲಿನಲ್ಲಿ ಮಧ್ಯಾಹ್ನ ಸಲೂನಿನ ಬಾಗಿಲು ತೆರೆದರು. ಮೊದಲು ಬಂದು ಕೂತವನು ಭಾಮೈದ. ಮಾರನೇ ದಿನ ದೊಡ್ಡ ಹೋಟೆಲೊಂದರಲ್ಲಿ ಅವನಿಗೆ ಸಂದರ್ಶನ, ಬಂದವರನ್ನು ಸ್ವಾಗತಿಸುವ ಕೆಲಸಕ್ಕೆ.

"ಭಾವ, ನೀಟಾಗಿ ಮಾಡಿ. ಈ ಕೆಲಸವೂ ತಪ್ಪಿದ್ರೆ ಅಕ್ಕ ನನ್ನ ಸುಮ್ನೆ ಬಿಡಲ್ಲ."

"ನಿಶ್ಚಿಂತೆಯಿಂದ ಕೂತ್ಕೋ."

ಅವನು ನಿಶ್ಚಿಂತೆಯಿಂದ ನಿದ್ದೆಹೋದ. ರಾಯರು ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದರು, ಎರಡು ಹೆಜ್ಜೆ ಹಿಂದೆ ಸರಿದರು, ಕಣ್ಣು ಕಿರಿದು ಮಾಡಿದರು. ಬುಡ ಗಟ್ಟಿ. ಕಾಂಡದಲ್ಲಿ ಸಣ್ಣ ಓರೆ. ಗಾಳಿ ಯಾವ ಕಡೆಯಿಂದ? ಎಡದಿಂದ! ಆಮೇಲೆ ಕತ್ತರಿ ರಾಯರ ಮಾತು ಕೇಳಲಿಲ್ಲ, ರಾಯರೇ ಕತ್ತರಿಯ ಮಾತು ಕೇಳಿದರು. ಬೆಂಚಿನ ಮೇಲೆ ಸರದಿಗೆ ಕಾದಿದ್ದ ಪೋಸ್ಟ್‌ಮ್ಯಾನ್ ಪೇಪರ್ ಇಳಿಸಿ ನೋಡಿದ. ಇನ್ನಷ್ಟು ನೋಡಿದ. ಪೇಪರ್ ಮಡಿಸಿಟ್ಟು, ತನ್ನ ತಲೆಯ ಮೇಲೆ ಟೋಪಿ ಒತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ.

ಭಾಮೈದ ಕಣ್ಣುಬಿಟ್ಟ. "ಭಾವ, ಫ್ಯಾನ್ ನಿಲ್ಲಿಸಿ. ಕೂದಲೆಲ್ಲ ಒಂದೇ ಕಡೆಗೆ ಹಾರ್ತಿದೆ."

"ಫ್ಯಾನ್ ಹಾಕೇ ಇಲ್ಲ ಕಣೋ."

ಕನ್ನಡಿ ನೋಡಿದವನ ಕೂಗಿಗೆ ಪಕ್ಕದ ಅಂಗಡಿಯವರೆಲ್ಲ ಬಂದರು. ಸುದ್ದಿ ಮುಟ್ಟಿ ಅಕ್ಕನೂ ಓಡಿಬಂದಳು. ತಮ್ಮನ ಎಡಗಡೆ ಬಂಡೆ, ಬಲಗಡೆ ಬಿರುಗಾಳಿ!

"ರೀ, ಏನಿದು?"

"ಒಂದು ತಂತಿ ಸುತ್ತಿದ್ರೆ ಈ ಕಡೆಗೂ ತಿರುಗಿಸಬಹುದು..."

"ತಂತಿ ಮುಟ್ಟಿ ನೋಡಿ, ಗೊತ್ತಾಗುತ್ತೆ!"

ಬಲಗಡೆ ಸರಿದೂಗಿಸಿದರು. ನೆತ್ತಿ ಸೊಟ್ಟಗಾಯಿತು. ಅದನ್ನು ಸರಿಮಾಡಲು ಹೋದರೆ ಹಿಂದೆ ಗುಂಡಿ ಬಿತ್ತು. ಕೊನೆಗೆ ರೇಜರ್ ಒಂದೇ ದಾರಿಯಾಯಿತು. ಥಳಥಳ ಹೊಳೆಯುವ ತಲೆ ಹೊತ್ತು, ಭಾವನ ಮುಖವನ್ನೂ ನೋಡದೆ ಭಾಮೈದ ಮನೆಗೆ ನಡೆದ. ಹೆಂಡತಿ ನೆಲದ ಕೂದಲನ್ನೆಲ್ಲ ಗುಡಿಸಿ, ಪೊಟ್ಟಣ ಕಟ್ಟಿ ಗಂಡನ ಕೈಗಿಟ್ಟು ಹೊರಟುಹೋದಳು. ರಾಯರಿಗೆ ಬೈಗುಳಕ್ಕಿಂತ ಅದೇ ಭಯಂಕರವಾಯಿತು. ಹುಡುಗನ ಬದುಕಿನ ಬುಡಕ್ಕೇ ಕತ್ತರಿ ಹಾಕಿದೆನೇ ಎಂದು ಅನ್ನವೇ ಇಳಿಯಲಿಲ್ಲ.

ಮರುದಿನ ಸಂಜೆ ಭಾಮೈದ ಬಂದ. ಮುಖ ತಲೆಗಿಂತ ಹೆಚ್ಚು ಹೊಳೆಯುತ್ತಿತ್ತು.

"ಕೆಲಸ ಸಿಕ್ತು! ಒಳಗೆ ಹೋದ ತಕ್ಷಣ ಮ್ಯಾನೇಜರ್ ತಲೆ ನೋಡಿ ಬೆಚ್ಚಿದ್ರು. ನಡೆದದ್ದನ್ನೆಲ್ಲ ಹೇಳಿದೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಅವರಿಗೆ. 'ಇಷ್ಟಾದ್ರೂ ನಗ್ತಾ ಹೇಳ್ತೀಯಲ್ಲ, ಎಂಥಾ ಗಿರಾಕೀನೂ ಸಂಭಾಳಿಸ್ತೀಯ' ಅಂದ್ರು. ಮತ್ತೆ ಭಾವ, ನಿಮ್ಮ ಸಲೂನಿನ ವಿಳಾಸಾನೂ ಕೇಳಿ ಬರ್ಕೊಂಡ್ರು."

ರಾಯರಿಗೆ ಹೋದ ಜೀವ ಬಂತು. ಬಂದದ್ದೇ ಎದೆ ಉಬ್ಬಿಸಿತು.

"ಕೇಳಿದೆಯೇನೇ? ದೊಡ್ಡ ಹೋಟೆಲಿನ ಮ್ಯಾನೇಜರು! ಕಲೆಗೆ ಎಲ್ಲಿ ಹೋದ್ರೂ ಬೆಲೆ ಇದೆ! ಯಾವತ್ತು ಬರ್ತಾರಂತೆ?"

"ಬರೋದಕ್ಕಲ್ಲ ಭಾವ," ಭಾಮೈದ ಬೋಳುತಲೆ ಸವರಿಕೊಂಡ. "ಹೋಟೆಲಿನ ನೋಟಿಸ್ ಬೋರ್ಡಿಗೆ ಹಾಕೋಕೆ. ಕೆಲಸಗಾರರು ಯಾರೂ ಆ ಬೀದಿಗೆ ತಪ್ಪಿಯೂ ಕಾಲಿಡಬಾರದು ಅಂತ!"