ಇಟಾಲಿಯನ್ ಕಲಿತರೆ ಖಾಯಂ
ಮಾವನಾಗಬೇಕಾಗಿದ್ದವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು: "ಕಲಿಯೋ ಹುಡುಗನಿಗೆ ಪುಸ್ತಕ ಕೊಡ್ತೀನಪ್ಪ, ಮಗಳನ್ನ ಕೊಡಲ್ಲ. ಮೊದಲು ಕೆಲಸ ಖಾಯಂ ಮಾಡಿಸ್ಕೊ."

ನಮ್ಮ ಇಂಟರ್ನ್ ಮಹಾಶಯ ಕಲಿಯುತ್ತಿದ್ದದ್ದಾದರೂ ಏನು? ಇಟಲಿಯ ಕಾಫಿ ಯಂತ್ರ ಮಾರುವ ಕಂಪನಿಯಲ್ಲಿ ಎರಡು ವರ್ಷದಿಂದ ಪೆಟ್ಟಿಗೆ ಬಿಚ್ಚುವುದು, ಝೆರಾಕ್ಸ್ ತೆಗೆಯುವುದು, ಮ್ಯಾನೇಜರ್ ನಕ್ಕಾಗ ನಗುವುದು. ಖಾಯಂ ಮಾತೆತ್ತಿದರೆ ಮ್ಯಾನೇಜರ್, "ಎಲ್ಲಾ ಇಟಲಿಯವರ ಕೈಲಿದೆ" ಎಂದು ಜಾರಿಕೊಳ್ಳುತ್ತಿದ್ದರು. ಇವತ್ತು ಆ ಇಟಲಿಯಿಂದಲೇ ಒಬ್ಬರು ಬರುತ್ತಾರೆಂದು ಬೆಳಿಗ್ಗೆ ಸುದ್ದಿಯಾಯಿತು.

ಅಕೌಂಟೆಂಟ್ ಮೇಡಂ ಮೊಬೈಲ್ ಹಿಡಿದು ಗುರುಮಾತೆಯಾದರು. "ಬಾಯಿಪಾಠ ಮಾಡೋ. 'ಕ್ವಾಲಿ ಸೋನೋ ಲೆ ಮಿಯೆ ಪ್ರೊಸ್ಪೆತ್ತೀವೆ ದಿ ಕಾರಿಯೇರಾ?' ಅಂದ್ರೆ, ನನ್ನ ಕೆಲಸದ ಭವಿಷ್ಯ ಏನು ಸ್ವಾಮಿ ಅಂತ."

"ಬರೀ ಬಾಯಲ್ಲಿ ಕೇಳಿದ್ರೆ ಆಗಲ್ಲಮ್ಮ," ಎಂದರು ಗೋಡೌನಿನ ಯಜಮಾನರು. ಇಟಲಿ ಯಾವ ದಿಕ್ಕಿಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಸಲಹೆ ಕೊಡುವುದಕ್ಕೆ ಅದೆಲ್ಲ ಯಾಕೆ ಬೇಕು? "ಎದೆ ಮೇಲೆ ಕೈ ಇಟ್ಕೊ. ಕಣ್ಣಲ್ಲಿ ನೀರು ಬಂದ್ರೆ ಇನ್ನೂ ಒಳ್ಳೇದು."

ಆಗಷ್ಟೇ ಪ್ರಿಂಟರಿಗೆ ಇಂಕು ತುಂಬಿದ್ದ ಬಡಪಾಯಿ ಎದೆ ಮೇಲೆ ಕೈ ಇಟ್ಟೇಬಿಟ್ಟ. ಬಿಳಿ ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

"ಅಯ್ಯೋ ನಿನ್ನ!" ಎಂದು ಮೇಡಂ ಡ್ರೈವರನ ಕೋಟು ಕಿತ್ತು ತೊಡಿಸಿದರು. ಡ್ರೈವರ್ ಭಾರಿ ಆಳು. ಕೋಟಿನೊಳಗೆ ಇಂಟರ್ನ್ ಕೊಡಪಾನದಲ್ಲಿ ಬಿದ್ದ ಚಮಚದಂತೆ ಅಲ್ಲಾಡುತ್ತಿದ್ದ.

ಸಂಜೆಗೆ ಅತಿಥಿ ಬಂದರು. ಸೂಟು, ಬೂಟು, ಚರ್ಮದ ಬ್ಯಾಗು. ಮ್ಯಾನೇಜರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ಕೈಕಟ್ಟಿ ನಿಂತರು. ಮೇಡಂ ಹಿಂದಿನಿಂದ ತಿವಿದದ್ದೇ ತಡ, ಇಂಟರ್ನ್ ಎದೆ ಮುಟ್ಟಿಕೊಂಡು ಒಂದೇ ಉಸಿರಿಗೆ ಒಪ್ಪಿಸಿದ. ಒಂದಕ್ಷರವೂ ತಪ್ಪಲಿಲ್ಲ.

ಅತಿಥಿಯ ಕಣ್ಣು ತುಂಬಿ ಬಂತು. ಎದ್ದು ಬಂದು ಅವನನ್ನು ಬಿಗಿದಪ್ಪಿಕೊಂಡರು. ಆಮೇಲೆ ತಾವೂ ಎದೆ ಮೇಲೆ ಕೈ ಇಟ್ಟುಕೊಂಡು, ಬಾಯಿಪಾಠ ಮಾಡಿದ್ದ ನಮ್ಮ ಭಾಷೆಯಲ್ಲಿ ಮ್ಯಾನೇಜರನ್ನು ಕೇಳಿದರು: "ಸ್ವಾಮಿ, ನಾನು ಇಟಲಿಯ... ಇಂಟರ್ನ್. ನನಗೆ... ಇಲ್ಲಿ... ಖಾಯಂ ಕೆಲಸ ಸಿಗುತ್ತದೆಯೇ?"

ಮ್ಯಾನೇಜರ್ ಮೊದಲು ಕುರ್ಚಿಯಲ್ಲಿ ಕೂತರು. ಆಮೇಲೆ ಮುಖ ಅರಳಿತು.

"ಭೇಷ್ ಕಣಯ್ಯಾ! ಇಟಾಲಿಯನ್ ಬರೋ ಒಬ್ಬನನ್ನ ಖಾಯಂ ತಗೊಳ್ಳಿ ಅಂತ ನಿನ್ನೆ ತಾನೆ ಇಟಲಿಯಿಂದ ಮಂಜೂರಾಗಿತ್ತು. ಈಗ ಪುಕ್ಕಟೆ ಮಾತಾಡೋಕೆ ನೀವಿಬ್ರು ಇದ್ದೀರಲ್ಲ, ಇನ್ನು ಆ ಹುದ್ದೆ ಯಾತಕ್ಕೆ?" ಎನ್ನುತ್ತ, ಅದನ್ನು ರದ್ದು ಮಾಡಿಸಲು ಫೋನ್ ಎತ್ತಿದರು.