ಶುರುಶೂರರ ದೋಣಿ

ಶುರು ಮಾಡಿದ್ದನ್ನು ಮುಗಿಸುವುದು ಸಾಮಾನ್ಯರ ಲಕ್ಷಣ ಎಂದು ನಮ್ಮ ಕಥೆಯ ಯಜಮಾನರು ನಂಬಿದ್ದರು. ಅರ್ಧ ಬಣ್ಣ ಕಂಡ ಕಿಟಕಿ, ಮೂರೇ ಕಾಲಿನ ಸ್ಟೂಲು, ಒಂದೇ ಹಾಡಿನ ನಡುವೆ ಉಸಿರು ನಿಲ್ಲಿಸಿದ ಕೊಳಲು, ಎಲ್ಲವೂ ಇದಕ್ಕೆ ಸಾಕ್ಷಿ. (ಕೊಳಲಿನ ವಿಷಯದಲ್ಲಿ ನೆರೆಮನೆಯವರು ಇವತ್ತಿಗೂ ಕೃತಜ್ಞರು.) ಇದನ್ನೆಲ್ಲ ನೋಡಿದ ಹೆಂಡತಿಯ ತಮ್ಮ ಅವರಿಗೆ ‘ಶುರುಶೂರ’ ಎಂಬ ಬಿರುದನ್ನೇ ದಯಪಾಲಿಸಿದ್ದ.

ಈಗ ಮುಂದಿನ ಕೋಣೆಯಲ್ಲಿ ಮರದ ಕಯಾಕ್ ಎಂಬ ಕಿರುದೋಣಿ, ಗೋಡೆಗೆ ಒತ್ತಿಕೊಂಡು, ಸ್ಟ್ಯಾಂಡಿನ ಮೇಲೆ ಬೋರಲು ಮಲಗಿತ್ತು.

“ಭಾನುವಾರ ತಮ್ಮ ಬರ್ತಾನೆ. ಅಷ್ಟರೊಳಗೆ ಮುಗೀದಿದ್ರೆ ಕೋಣೆ ನನ್ನ ಹೊಲಿಗೆ ಮೆಷಿನ್ನಿಗೆ,” ಎಂದಳು ಹೆಂಡತಿ.

“ದೋಣಿ ಕಟ್ಟೋದು ಅಂಗಿ ಹೊಲಿದ ಹಾಗಲ್ಲ ಕಣೇ.”

“ಹೌದು. ಅಂಗಿಗಾದ್ರೆ ಕಾಯೋರು ಇರ್ತಾರೆ.”

ಯಜಮಾನರ ಮೀಸೆ ಅದುರಿತು. ಈ ಸಲ ಮುಗಿಸಿ, ಬಿರುದನ್ನು ಭಾವಮೈದುನನಿಗೇ ವಾಪಸು ಕೊಡಬೇಕು! ಉಳಿದಿದ್ದು ಮರವನ್ನು ಉಜ್ಜಿ ನುಣುಪು ಮಾಡಿ, ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಬಳಿಯುವುದು. ಕೋಣೆಯ ಕಡೆಯ ಮಗ್ಗುಲನ್ನು ಉಜ್ಜಿದರು. ಗೋಡೆ ಕಡೆಯದನ್ನು ಯಾರು ನೋಡುತ್ತಾರೆ?

“ರೀ, ಆ ಕಡೆ ಉಜ್ಜಿದಿರಾ?”

“ಎರಡೆರಡು ಸಲ! ಮುಖ ಕಾಣೋ ಹಾಗೆ.”

“ಮುಖ ಬಿಟ್ಟು ಬೇರೇನೂ ಕಾಣಲಿಲ್ವಾ?”

“ಮರ ಕಾಣಿಸ್ತು. ನಿನಗೆ ಅನುಮಾನ ಜಾಸ್ತಿ.”

ಆಕೆ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಬಿಳಿ ಬಟ್ಟೆಯನ್ನು ದೋಣಿಗೆ ಪಟ್ಟಾಭಿಷೇಕದ ಶಾಲಿನಂತೆ ಹೊದಿಸಿ, ಯಜಮಾನರು ಎಪಾಕ್ಸಿ ಕಲೆಸಿದರು. ಒಂದು ಡಬ್ಬಿಯಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಬೇರೆಬೇರೆ ಇದ್ದಾಗ ಎರಡೂ ಸಾಧು; ಕೂಡಿದ ಮೇಲೆ ಬಿಸಿಯೇರಿ ಕಲ್ಲಾಗುತ್ತವೆ. (ಮದುವೆಯಾದವರಿಗೆ ಹೆಚ್ಚಿನ ವಿವರಣೆ ಬೇಡ.) ಅಷ್ಟರೊಳಗೆ ಹರಡಿ ಮುಗಿಸಬೇಕು. ‘ನಾಳೆ ನೋಡೋಣ’ ಎಂಬ ಮಾತು ಎಪಾಕ್ಸಿಗೆ ತಿಳಿಯದು.

ಅಂಟು ಕುಡಿದ ಬಟ್ಟೆ ಮಾಯವಾಗಿ, ಮರ ಗಾಜಿನೊಳಗಿನ ಚಿತ್ರದಂತೆ ಹೊಳೆಯಿತು. ಯಜಮಾನರು ಉಬ್ಬಿಹೋದರು. ದೋಣಿಯನ್ನು ಗೋಡೆಯಿಂದ ಈಚೆಗೆ ಎಳೆದು ಆ ಮಗ್ಗುಲಿಗೂ ಬಳಿದರು. ಅಲ್ಲೂ ಬಟ್ಟೆ ಮಾಯವಾಯಿತು. ಅದರಡಿಯಿಂದ ದಪ್ಪ ಪೆನ್ಸಿಲ್ಲಿನ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು: ‘ಇವರ ಕೈಲಿ ಇದೂ ಮುಗಿಯಲ್ಲ.’

“ಲೇ! ಇದೇನೇ ಇದು?”

“ಉಜ್ಜುವಾಗ ಓದಿ ನಿಮಗೆ ರೋಷ ಬರಲಿ ಅಂತ ನಾನೇ ಬರೆದಿದ್ದೆ,” ಹೆಂಡತಿ ಬಾಗಿಲಿಗೆ ಒರಗಿ ನಿಂತಳು. “ಎರಡೆರಡು ಸಲ ಉಜ್ಜಿದ್ರೂ ಹೋಗಿಲ್ಲವಲ್ಲ, ಎಂಥಾ ಪೆನ್ಸಿಲ್ಲಪ್ಪಾ!”

ಕೈಯಲ್ಲಿದ್ದ ಡಬ್ಬಿ ಆಗಲೇ ಹೊಗೆಯಾಡುತ್ತಿತ್ತು. ಬಟ್ಟೆ ಕಿತ್ತರೆ ದೋಣಿ ಕೆಟ್ಟು ಬರಹ ನಿಜವಾಗುತ್ತದೆ. ಬಳಿದು ಮುಗಿಸಿದರೆ ಬರಹ ಸುಳ್ಳಾಗುತ್ತದೆ, ಆದರೆ ಶಾಶ್ವತವಾಗುತ್ತದೆ. ಯಜಮಾನರು ಹಲ್ಲು ಕಚ್ಚಿ ಬಳಿದರು. ಹೇಗೂ ಅದು ದೋಣಿಯ ತಳ. ನೀರಿನಡಿಯ ಅಕ್ಷರವನ್ನು ಮೀನು ಓದೀತೇ?

ಭಾನುವಾರ ಹಳೆ ಚಾದರ ಸುತ್ತಿದ ದೋಣಿ ಹೊಸ್ತಿಲು ದಾಟುತ್ತಿದ್ದ ಹಾಗೇ ಹೊಲಿಗೆ ಮೆಷಿನ್ನು ಒಳಗೆ ಬಂತು.

“ಮುಗಿಸಿದೆನಲ್ಲೇ!”

“ಮುಗೀತಲ್ಲ, ಇನ್ನು ನಿಮಗೆ ಕೋಣೆ ಯಾಕೆ?”

ಕೆರೆಯ ದಡದಲ್ಲಿ ಆಫೀಸಿನವರು, ಬೀದಿಯವರು ಎಲ್ಲ ನೆರೆದಿದ್ದರು. (ಕರೆದವರು ಯಜಮಾನರೇ.) ಎಲ್ಲರಿಗೂ ಬೆನ್ನು ತಿರುಗಿಸಿ ಚಾದರ ಸರಿಸಿ, ದೋಣಿಯನ್ನು ನೀರಿಗಿಳಿಸಿ ಹತ್ತಿ ಕೂತರು. ಅದು ಹಂಸದಂತೆ ತೇಲಿತು.

“ಭಾವ, ಸೋತೆ! ಬಿರುದು ವಾಪಸ್ ತಗೊಂಡೆ!” ಭಾವಮೈದುನ ಕೂಗಿದ. ದಡವೆಲ್ಲ ಚಪ್ಪಾಳೆ ತಟ್ಟಿತು.

ಇಂಥ ಗಳಿಗೆಯಲ್ಲಿ ಕೂತೇ ಇರಲು ಯಾವ ಶೂರನಿಗೆ ಸಾಧ್ಯ? ಯಜಮಾನರು ಎದ್ದು ನಿಂತು ಕೈಯೆತ್ತಿದರು. ಮರುಕ್ಷಣ ದೋಣಿ ಮಗುಚಿ, ಹೊಳೆಯುವ ತಳವನ್ನು ದಡಕ್ಕೆ ತೋರಿಸುತ್ತಾ ಮೇಲೆದ್ದಿತು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಅಕ್ಷರಗಳೂ ನೆಟ್ಟಗಿದ್ದವು. ದಡಕ್ಕೆ ದಡವೇ ಒಂದೇ ದನಿಯಲ್ಲಿ ಓದಿತು.

ಎದೆಮಟ್ಟದ ನೀರಿನಿಂದ ಯಜಮಾನರ ತಲೆ ಮೇಲೆ ಬಂತು. “ಅಯ್ಯೋ, ನನ್ನ ಕಥೆ ಮುಗೀತು!”

“ಇಲ್ಲ ಭಾವ,” ಭಾವಮೈದುನ ಹೊಟ್ಟೆ ಹಿಡಿದುಕೊಂಡು ದೋಣಿಯತ್ತ ಬೆರಳು ತೋರಿಸಿದ. “ಮುಗಿಯಲ್ಲ ಅಂತ ಅಕ್ಕ ಬರೆದೇ ಕೊಟ್ಟಿದ್ದಾಳಲ್ಲ!”